ಒಟ್ಟು ಒಂದು

ಮನೆ, ಮಹಡಿ ಕೋಣೆ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಮಕ್ಕಳಿಬ್ಬರೂ ಶೀತವನ್ನು ಇನ್ನೂ ಹಂಚಿಕೊಳ್ಳುತ್ತಲೇ ಇದ್ದಾರೆಯೇ? ಅಪ್ಪ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿಬಂದು ಗೋಡೆ ಕಡೆ ತಿರುಗಿ ಮಲಗುತ್ತಾರೆ. ನೀರು ಅಳೆದು ಕೊಟ್ಟರೆ ಬೈಯುತ್ತಾರೆ. ಬೈಯುವಷ್ಟು ಶಕ್ತಿಯಾದರೂ ಇದೆಯಲ್ಲ ಎಂದು ಸುಮ್ಮನಿರುತ್ತೇನೆ. ನನಗೆ ಮಾತ್ರ ಶನಿವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಈ ಕಾಗದವನ್ನೂ ಮೂರು ಸಲ ಬರೆದು ಹರಿದಿದ್ದೇನೆ.

ಅಪ್ಪನಿಗೆ ಕಿಡ್ನಿ ಕೊಡಲು ನೀನು, ನಾನು, ತಮ್ಮ, ಈ ಮೂವರಲ್ಲಿ ಎಷ್ಟು ಜನ ಸಿದ್ಧ ಎಂದು ಗುಟ್ಟಾಗಿ ತಿಳಿಯೋಣ ಎಂದವಳು ನಾನೇ. ಆಫೀಸಿನಲ್ಲಿ ನನ್ನ ಕೆಲಸವೇ ಅದು: ಯಾವ ಆಸ್ಪತ್ರೆಯೂ ತನ್ನ ರೋಗಿಗಳ ವಿವರ ಬಿಟ್ಟುಕೊಡದೆ, ಎಲ್ಲ ಸೇರಿ ಒಟ್ಟು ಲೆಕ್ಕ ಮಾತ್ರ ತೆಗೆಯುವ ತಂತ್ರಾಂಶ. ಅದರ ಕೋಡ್ ಮಾತ್ರ ಗುಟ್ಟಲ್ಲ, ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಅದನ್ನೇ ನಮ್ಮ ಮೂರು ಫೋನಿಗೂ ಹಾಕಿಸಿದೆ. ಹೌದು ಅಂದರೆ ಒಂದು, ಇಲ್ಲ ಅಂದರೆ ಸೊನ್ನೆ. ಒಬ್ಬೊಬ್ಬರ ಉತ್ತರವನ್ನೂ ಅದು ತಲೆಬುಡ ತಿಳಿಯದ ಮೂರು ಚೂರು ಮಾಡಿ ಮೂರು ಫೋನಿಗೂ ಹಂಚಿತು. ಕೊನೆಗೆ ಕಾಣುವುದು ಮೊತ್ತ ಮಾತ್ರ. "ನಿನ್ನ ಮಂತ್ರದ ಡಬ್ಬಿ ಮೇಲೆ ನಂಗೆ ನಂಬಿಕೆ ಇಲ್ಲ ಕಣೇ" ಎಂದು ನಗುತ್ತಲೇ ನೀನೂ ಒತ್ತಿದೆ. ಬಂದ ಮೊತ್ತ ಒಂದು.

ನಾನು ಸೊನ್ನೆ ಒತ್ತಿದ್ದೆ ಅಕ್ಕಾ. ಆಪರೇಷನ್ ಎಂದರೆ ಹೆದರಿಕೆ, ಯಾರಿಗೂ ಗೊತ್ತಾಗುವುದಿಲ್ಲವೆಂಬ ಧೈರ್ಯ ಬೇರೆ. ಮಾರನೆಯ ಬೆಳಿಗ್ಗೆ ತಮ್ಮ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದು, ಕಣ್ಣು ತುಂಬಿಕೊಂಡು, "ಅದು ನೀನೇ ತಾನೇ? ನನ್ ಕೈಲಿ ಆಗ್ಲಿಲ್ಲ ಕಣೇ" ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಆಗಲೇ ಲೆಕ್ಕ ಹೊಳೆಯಿತು. ಹಾಗಾದರೆ ಆ ಒಂದು ನಿನ್ನದು. ಒಂದು ಒತ್ತಿದವಳಿಗೆ, ಉಳಿದ ಇಬ್ಬರದೂ ಸೊನ್ನೆ ಎಂದು ಆ ಕ್ಷಣವೇ ತಿಳಿದಿರುತ್ತದೆ! "ಕೆಲವೇ ಜನರಿದ್ದಾಗ ಬಳಸಬೇಡಿ, ಮೊತ್ತವೇ ಗುಟ್ಟು ಹೇಳಿಬಿಡುತ್ತದೆ" ಎಂದು ಅದರ ಕೈಪಿಡಿಯಲ್ಲಿ ಬರೆದ ಮಹಾತಾಯಿಯೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅದಾದ ಮೇಲೆ ನೀನು ಎರಡು ಸಲ ಫೋನ್ ಮಾಡಿದೆ. ಅಪ್ಪ ಊಟ ಮಾಡಿದರಾ ಎಂದು ಕೇಳಿದೆ, ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ಮುತ್ತು. ಅಪ್ಪ ನಿದ್ದೆಯಲ್ಲಿದ್ದಾರೆ, ಅವರ ಆಶೀರ್ವಾದವನ್ನೂ ನಾನೇ ಕಳಿಸುತ್ತಿದ್ದೇನೆ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಚೆಗೆ ಹೊತ್ತಾಯಿತು. ಶುಕ್ರವಾರ ನೀನು ಪರೀಕ್ಷೆಗೆ ಬರುತ್ತೀಯೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಇವತ್ತು ಬೆಳಿಗ್ಗೆ ನಾನು ಅಲ್ಲೇ ಇದ್ದೆ, ಅದೇ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ನಿನಗೆ ಪುಟ್ಟ ಮಕ್ಕಳಿದ್ದಾರೆ, ಮೊದಲು ನನ್ನದು ಹೊಂದುತ್ತದೆಯೇ ನೋಡಿ ಎಂದು ಡಾಕ್ಟರಿಗೆ ಹೇಳಿದ್ದೇನೆ. ತಮ್ಮನಿಗೆ ಇನ್ನೂ ನಿಜ ಹೇಳಿಲ್ಲ, ಸಂಜೆ ಹೇಳುತ್ತೇನೆ. ಹೆದರಿಕೆ ಹೋಗಿಲ್ಲ ಅಕ್ಕಾ. ಆದರೂ ಈ ಸಲ ಚೂರು ಮಾಡದೆ ಬರೆಯುತ್ತಿದ್ದೇನೆ: ನನ್ನದೂ ಒಂದು.