ಬಾಗಿಲ ಪಕ್ಕದ ಹಳದಿ ಬಾವುಟ

ಸೆಂಗ್‌ಕಾಂಗ್, ಸಿಂಗಪುರ
2 ನವೆಂಬರ್ 2025

ಚಿ. ಸೌ. ಅನಘಾಗೆ ನಿನ್ನ ಅಪ್ಪನ ಆಶೀರ್ವಾದ. ಹೌದಮ್ಮ, ‘ಸೌ.’ ಎಂದೇ ಬರೆದಿದ್ದೇನೆ. ನೀನು ಮದುವೆಯಾದ ಏಳು ವರ್ಷಕ್ಕೆ ಕೈಗೆ ಬಂತು ಆ ಅಕ್ಷರ.

ನಿನ್ನ ಅಣ್ಣ ಶ್ರೀಕಂಠ ಬೆಳಗ್ಗೆ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿಗೆ ಹೋದರೆ ಬರುವುದು ಸಂಜೆಗೇ. ಅವನ ಮಗಳು ರಿಷಿಕಾಗೆ ಸ್ಕೂಲಿನಲ್ಲಿ ಅಮೆರಿಕದ ಒಂದು ರಾಜ್ಯದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅದೂ ನಿಮ್ಮ ನ್ಯೂ ಮೆಕ್ಸಿಕೋ. ಆಸ್ ಯು ಆರ್ ಅವೇರ್, ನನ್ನ ಇಂಗ್ಲಿಷು ದಾವಣಗೆರೆ ಕಾಲೇಜಿನದು, ಅರ್ಧ ಮರೆತದ್ದು. ಆದರೂ ಮಗುವಿಗೆ ಸಹಾಯವಾಗಲಿ ಎಂದು ಲೈಬ್ರರಿಯಿಂದ ಪುಸ್ತಕ ತಂದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೇನೆ.

ಇಷ್ಟು ದಿನ ನಮ್ಮ ಕಟ್ಟಡದ ಕೆಳಗಿನ ಖಾಲಿ ಅಂಗಳ, ವಾಯ್ಡ್ ಡೆಕ್‌ನಲ್ಲಿ ಕೂರುವ ಗೆಳೆಯರಿಗೆಲ್ಲ ಮಗಳು ಮೆಕ್ಸಿಕೋ ದೇಶದಲ್ಲಿದ್ದಾಳೆ ಎಂದೇ ಹೇಳಿಕೊಂಡು ಬಂದಿದ್ದೆ. ಅದು ಬೇರೆ, ಇದು ಬೇರೆಯಂತೆ. ನಿಮ್ಮದು 1912ರಲ್ಲಿ ಸೇರಿದ ನಲವತ್ತೇಳನೆಯ ರಾಜ್ಯ. ರಾಜಧಾನಿ ಸಾಂತಾ ಫೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ನಿನ್ನ ಆಲ್ಬುಕರ್ಕಿಯೂ ಐದು ಸಾವಿರ ಅಡಿ ಮೇಲೆ. ಚಿಕ್ಕಂದಿನಲ್ಲಿ ನಿನಗೆ ಉಬ್ಬಸವಿತ್ತು. ಅಷ್ಟೆತ್ತರದಲ್ಲಿ ಉಸಿರಾಟ ಹೇಗಿದೆಯೋ ಎಂದು ಆ ಪುಟದಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಅಲ್ಲಿ ಕೆಂಪು ಮೆಣಸಿನಕಾಯಿಯನ್ನು ಸರ ಮಾಡಿ ಬಾಗಿಲಿಗೆ ತೂಗುಹಾಕುತ್ತಾರಂತೆ. ಬ್ಯಾಡಗಿಯವರು ನೋಡಬೇಕು. ರಾಜ್ಯಕ್ಕೊಂದು ಪಕ್ಷಿ, ಒಂದು ಮರ ಇರುವುದು ಗೊತ್ತಿತ್ತು; ನಿಮ್ಮಲ್ಲಿ ಸರ್ಕಾರವೇ ಒಪ್ಪಿದ ಒಂದು ಪ್ರಶ್ನೆಯೂ ಇದೆ. ಊಟಕ್ಕೆ ಕೂತವರನ್ನು “ರೆಡ್ ಆರ್ ಗ್ರೀನ್?” ಎಂದು ಕೇಳುವುದು, ಯಾವ ಮೆಣಸಿನಕಾಯಿ ಬೇಕು ಎಂದು.

ಎಲ್ಲಿಗೋ ಹೋದೆ. ಹೇಳಬೇಕಾದದ್ದು ಬಾವುಟದ ವಿಷಯ.

ಆ ಪುಸ್ತಕದಲ್ಲಿ ಬಾವುಟದ ಚಿತ್ರವಿದೆ. ಹಳದಿ ಬಟ್ಟೆ, ನಡುವೆ ಕೆಂಪು ಸೂರ್ಯ. ನೀನು ಅಮ್ಮನಿಗೆ ಕಳಿಸಿದ ಫೋಟೋದಲ್ಲಿ ನಿನ್ನ ಬಾಗಿಲ ಪಕ್ಕ ಮಡಿಕೆ ಬಿದ್ದು ತೂಗುತ್ತಿತ್ತಲ್ಲ, ಅದೇ. ಅವತ್ತು ಅವಳು, “ನೋಡ್ರೀ, ನಮ್ಮ ಕನ್ನಡ ಬಾವುಟ ಕಟ್ಟಿದಾಳೆ. ನಮ್ಮನ್ನ ಬಿಟ್ಟಿಲ್ಲ ಅವಳು” ಅಂದಿದ್ದಳು. ಬಾವುಟ ಕಟ್ಟಿದರೆ ಆಯಿತೇ ಎಂದು ನಾನು ಗೊಣಗಿದೆ. ಆದರೆ ಅವಳು ಹೋದ ಮೇಲೆ, ನೀನು ಮಾತು ಬಿಟ್ಟ ಮೇಲೆ, ಈ ನಾಲ್ಕು ವರ್ಷ ನಾನು ಹಿಡಿದುಕೊಂಡಿದ್ದು ಆ ಅರಿಶಿನ ಕುಂಕುಮದ ಬಟ್ಟೆಯನ್ನೇ.

ರಿಷಿಕಾಳನ್ನು ಕರೆದು ತೋರಿಸಿದೆ. “ತಾತಾ, ಇದು ಅವರ ಸ್ಟೇಟ್ ಫ್ಲ್ಯಾಗ್ ಲಾ” ಅಂದಳು, ಇಲ್ಲಿಯ ಮಕ್ಕಳ ಧಾಟಿಯಲ್ಲಿ. ಫೋಟೋವನ್ನು ಫ್ರೇಮಿನಿಂದ ಬಿಚ್ಚಿದೆ. ಹಿಂದುಗಡೆ ನಿನ್ನ ಅಮ್ಮನ ಅಕ್ಷರ: “ಅನಘಾಳ ಊರಿನ ಬಾವುಟವಂತೆ. ಇವರಿಗೆ ಹೇಳಬಾರದು.”

ನನ್ನ ಶಾಮಲಾ ನಮ್ಮಿಬ್ಬರನ್ನು ಸೇರಿಸಲು ಒಂದು ಸುಳ್ಳು ಹೇಳಿದಳು. ನಾನು ಹೇಳಿಸಿದ ಸುಳ್ಳು ಬೇರೆ. ಅಮ್ಮ ಹೋದ ಸುದ್ದಿ ನಿನಗೆ ಹನ್ನೊಂದನೆಯ ದಿನ ತಿಳಿಯಿತು. ಗಾಬರಿಯಲ್ಲಿ ಮರೆತೆ ಎಂದು ಶ್ರೀಕಂಠ ಹೇಳಿದ, ನೀನು ಅವನನ್ನೂ ಬಿಟ್ಟೆ. ಅವನು ಮರೆಯಲಿಲ್ಲಮ್ಮ. ಫೋನು ಕೈಯಲ್ಲೇ ಹಿಡಿದು ನಿಂತಿದ್ದ. “ಕೇಳದೆ ಮದುವೆಯಾದವಳಿಗೆ ಈಗೇನು ಹೇಳೋದು, ಇಡು” ಅಂದವನು ನಾನು. ಫೋನಿನ ಕ್ಯಾಮೆರಾದಲ್ಲಾದರೂ ಕೊನೆಯ ಸಲ ಅವಳ ಮುಖ ನೋಡಬಹುದಿತ್ತು ನೀನು. ಅದನ್ನು ನಾನು ಕಿತ್ತುಕೊಂಡೆ.

ನನ್ನನ್ನು ಕ್ಷಮಿಸು ಎನ್ನಲು ಬಾಯಿಲ್ಲ. ಅಣ್ಣನಿಗೆ ಒಂದು ಫೋನು ಮಾಡು. ಪಾಪ, ನನ್ನ ಮರ್ಯಾದೆಗಾಗಿ ಅವನು ತಂಗಿಯನ್ನು ಕಳೆದುಕೊಂಡು ಕೂತಿದ್ದಾನೆ.

ಯುವರ್ಸ್ ಅಫೆಕ್ಷನೇಟ್ಲಿ ಎಂದು ಬರೆಯಲು ಕಾಲೇಜಿನಲ್ಲಿ ಕಲಿಸಿದ್ದರು. ಇವತ್ತು ಅರ್ಥವಾಯಿತು.

ನಿನ್ನ ಅಪ್ಪ,
ಬದರಿನಾಥ್

ಮರೆತಿದ್ದೆ: ರಿಷಿಕಾಗೆ ಯಾವ ಪ್ರಾಜೆಕ್ಟೂ ಇಲ್ಲ. ಪುಸ್ತಕ ತಂದದ್ದು ನನಗೇ. ಆ ‘ರೆಡ್ ಆರ್ ಗ್ರೀನ್’ ಪ್ರಶ್ನೆಗೆ ಎರಡೂ ಬೇಕೆಂದರೆ “ಕ್ರಿಸ್‌ಮಸ್” ಅನ್ನಬೇಕಂತೆ. ನಿನ್ನ ಮನೆಯಲ್ಲಿ ಎಂದಾದರೂ ನನ್ನನ್ನು ಊಟಕ್ಕೆ ಕೂರಿಸಿ ಕೇಳಿದರೆ ತಡವರಿಸಬಾರದೆಂದು ಬಾಯಿಪಾಠ ಮಾಡಿಕೊಂಡಿದ್ದೇನೆ.