ಗೋಡೆ ಸೀಳಿ ಹುಟ್ಟಿದ ಗಿಡ

೧೪ ಅಕ್ಟೋಬರ್, ಮಂಗಳವಾರ, ನೆವಾರ್ಕ್, ಅಮೆರಿಕ

ಆ ಹಾಳು ಚಿತ್ರ ಇನ್ನೂ ಅಲ್ಲೇ ನೇತಾಡುತ್ತಿದೆ. ಸೊಸೆ ಹರ್ಷಿತಾಗೆ ಈಗ ಏಳು ತಿಂಗಳು. ಹುಟ್ಟುವ ಮಗುವಿನ ಕೋಣೆಗೆ ಅವಳಿಗೆ ಬೇರೆ ಚಿತ್ರವೇ ಸಿಗಲಿಲ್ಲವೇ? ಡಚ್ಚರ ಯಾವನೋ ನಾನೂರು ವರ್ಷದ ಹಿಂದೆ ಬರೆದದ್ದರ ನಕಲಂತೆ. ಮುರಿದ ಕೋಟೆ, ಕೆಳಗೆ ಭೋರ್ಗರೆಯುವ ಹೊಳೆ, ಗೋಡೆ ಸೀಳಿಕೊಂಡು ಎದ್ದ ಗಿಡ. ನಮ್ಮ ಮಂಡ್ಯದ ಕಡೆ ಜಗಳ ಹೆಚ್ಚಾದಾಗ ಹಾಕುವ ಶಾಪವೇ ಅದು: ನಿನ್ನ ಮನೆಯಲ್ಲಿ ಎಕ್ಕ ಹುಟ್ಟಲಿ. ಅಂದರೆ ವಂಶ ಅಳಿದು, ದೀಪ ಹಚ್ಚುವವರಿಲ್ಲದೆ ಮನೆ ಪಾಳು ಬೀಳಲಿ ಅಂತ. ಬಸುರಿಯ ಎದುರು ಆ ಮಾತು ಹೇಗೆ ಆಡಲಿ? ಸುಮ್ಮನೆ ಮೂರು ಸಲ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದೆ. ಮೂರು ಸಲವೂ ಅವಳು ನೆಟ್ಟಗೆ ಮಾಡಿದಳು.

ಇವತ್ತು ಮಗನನ್ನು ಗರಾಜಿಗೆ ಕರೆದು ಗುಟ್ಟಾಗಿ ಹೇಳಿದೆ. ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ಅಷ್ಟೊಂದು ಓದಿದ ಇವನಿಗೆ ಬುದ್ಧಿ ಎಲ್ಲಿದೆ? ಊಟಕ್ಕೆ ಕೂತು ನಗುತ್ತಾ ಬಾಯಿಬಿಟ್ಟ. "ಹರ್ಷಿ, ಅಮ್ಮ ಯಾಕೆ ಪೇಂಟಿಂಗು ತಿರುಗಿಸ್ತಾಳೆ ಗೊತ್ತಾ? ನಮ್ಮನೇಲಿ ಎಕ್ಕ ಹುಟ್ಟುತ್ತಂತೆ!"

ಹರ್ಷಿತಾ ನಗಲಿಲ್ಲ. ಅವಳೂ ನಮ್ಮ ಪಕ್ಕದ ಹಾಸನದವಳೇ, ಅರ್ಥ ಗೊತ್ತು. ತಟ್ಟೆ ಸರಿಸಿದಳು.

"ನನ್ನ ಮಗೂಗೆ ಎಂಥಾ ಮಾತು ಅತ್ತೆ! ಚಿತ್ರದಲ್ಲಿರೋದು ಬರೀ ಗಿಡ. ಶಾಪ ತಂದಿದ್ದು ನೀವು."

"ಬಾಯಲ್ಲಿ ಅಂದೋನು ನಿನ್ನ ಗಂಡ ಕಣೇ!"

ಕೇಳಿಸಿಕೊಂಡರೆ ತಾನೇ? ಹೆರಿಗೆಯಾಗುವ ತನಕ ನಾನು ಆ ಕೋಣೆಗೆ ಕಾಲಿಡಬಾರದಂತೆ. ಬಾಗಿಲು ಹಾಕಿದ್ದಾಳೆ. ಒಳಗೆ ಚಿತ್ರ, ಹೊರಗೆ ನಾನು. ಅವಳ ಕಣ್ಣಿಗೆ ಈಗ ನಾನೇ ಅಪಶಕುನ. ಮಗರಾಯ ಮಾತ್ರ ಟಿವಿ ಮುಂದೆ ನಗುತ್ತಾ ಕೂತಿದ್ದಾನೆ. ಅವನ ಬಾಯಿಗೆ ಮಣ್ಣು...

ಬೇಡ. ಹೆತ್ತವಳ ಮಾತು, ತಟ್ಟಿಬಿಡುತ್ತದೆ.