ಎಣ್ಣೆ ತಿಕ್ಕಿದ ಬೆನ್ನು

ಅವ್ವಾ,

ನೀನು ಹೋಗಿ ಹದಿನಾರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ, ಬಯ್ಯಬೇಡ. ನನ್ನ ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿದೆ. ಇನ್ನೆಷ್ಟು ದಿನ ಎಂದು ಇವತ್ತು ಪರೇಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿಯೇಬಿಟ್ಟೆ. ಪೂರ್ತಿ ವಾಸಿಯಾಗದು, ಆದರೆ ಔಷಧಿ ಹಿಡಿಸಿದರೆ ವರ್ಷಗಟ್ಟಲೆ ಬಾಳುವವರಿದ್ದಾರೆ ಎಂದರು ಡಾಕ್ಟರು.

ಹೊರಗೆ ಸಾಲಿನಲ್ಲಿ ಗೋಕಾಕದ ನೀಲವ್ವ ಸಿಕ್ಕಳು. "ನಂಗೂ ಬೆನ್ನಿಗೇ ಇಳದೈತಿ, ಒಂಬತ್ತು ವರ್ಷಾತು. ಇಬ್ರು ಡಾಕ್ಟರು ರಿಟೈರ್ ಆದ್ರು, ನಾ ಇನ್ನೂ ಡ್ಯೂಟಿ ಮ್ಯಾಲೇ ಅದೀನಿ!" ನಕ್ಕು ನಕ್ಕು ಇಬ್ಬರೂ ಸೊಂಟದ ಬೆಲ್ಟು ಸಡಿಲಿಸಿಕೊಂಡೆವು.

ವಡಾಲದ ಮನೆಗೆ ಬಂದರೆ ಮಗಳು ಎಣ್ಣೆ ಹಿಡಿದು ನಿಂತಿದ್ದಳು. "ತಿಕ್ಕಬಾರದಂತ ಮಗಳೆ, ಎಲುಬು ಸೂಕ್ಷ್ಮ ಆಗೈತಂತ" ಅಂದೆ.

ನೀನು ಹೋಗುವ ಮುಂಚಿನ ವರ್ಷವಿಡೀ ನಿನ್ನ ಬೆನ್ನುನೋವಿಗೆ ನಾನೂ ಹೀಗೇ ಎಣ್ಣೆ ತಿಕ್ಕಿದ್ದೆ. ನೀನು ಸೆರಗನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಈ ಕಡೆ ತಿರುಗು ಎಂದು ನಾನು ಒಮ್ಮೆಯೂ ಅನ್ನಲಿಲ್ಲ.